ಮರೆಸುವ ಒಳಿತು

ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಕರಾವಳಿಯಲ್ಲಿ ಟ್ರೆವಿಸಿಕ್ ಎಂಬ ಪುಟ್ಟ ಬಂದರೂರಿದೆ. ನಕ್ಷೆಯಲ್ಲಿ ಹುಡುಕಿದರೆ ಸಿಗದು. ಲೇಖಕಿ ಸೂಸನ್ ಕೂಪರ್ ಅದನ್ನು ಕಟ್ಟಿಕೊಂಡದ್ದು ಮೆವಗಿಸ್ಸಿ ಎಂಬ ನಿಜದ ಊರನ್ನು ನೋಡಿ. ನಮ್ಮ ಬೂತಾಯಿಯ ದಾಯಾದಿಯಾದ ಪಿಲ್ಚರ್ಡ್ ಮೀನನ್ನು ನಂಬಿ ತಲೆಮಾರುಗಟ್ಟಲೆ ಬದುಕಿದ ಊರು ಅದು. ವಸಂತದ ಒಂದು ರಾತ್ರಿ ಟ್ರೆವಿಸಿಕ್‌ನ ಹೆಂಗಸರು ಕಡಲಿಗೆ ಚಾಚಿಕೊಂಡ ಗುಡ್ಡದ ತುದಿಯಲ್ಲಿ ಬೆಂಕಿ ಹಾಕಿಕೊಂಡು ಸೇರುತ್ತಾರೆ. ಗಂಡಸರು ಅತ್ತ ಸುಳಿಯುವಂತಿಲ್ಲ. ಹೇಝಲ್ ಕೋಲುಗಳ ಹಂದರ, ರೋವನ್ ಕೊಂಬೆಗಳ ತಲೆ, ಹಾಥಾರ್ನ್ ಎಂಬ ಹೂಬಿಡುವ ಮುಳ್ಳುಗಿಡದ ಟೊಂಗೆಗಳ ಮೈ, ನೀರಿಗೆ ಬಿದ್ದಾಗ ಮುಳುಗಲೆಂದು ಹೊಟ್ಟೆಯೊಳಗೆ ಕಲ್ಲುಗಳು. ಬೆಳಕು ಹರಿಯುವ ಹೊತ್ತಿಗೆ ಅಲ್ಲೊಂದು ಹೆಣ್ಣಾಕೃತಿ ಎದ್ದು ನಿಂತಿರುತ್ತದೆ. ಹೆಸರು ಗ್ರೀನ್‌ವಿಚ್, ಹಸಿರು ಮಾಟಗಾತಿ. (ಗಡಿಯಾರಕ್ಕೆ ಹೆಸರಾದ ಗ್ರೀನಿಚ್‌ಗೂ ಇವಳಿಗೂ ಸಂಬಂಧವಿಲ್ಲ.) ಮೀನಿಗೆ ಹೋಗಿದ್ದ ಗಂಡಸರು ನಸುಕಿಗೆ ಮರಳಿ ಬಂದು, ಅದನ್ನು ಎಳೆದು ಬಂಡೆಯ ಅಂಚಿನಿಂದ ಕಡಲಿಗೆ ನೂಕುತ್ತಾರೆ. ನೂಕುವ ಮುನ್ನ ಬಸಿರಾಗದವಳು, ಎದೆಯಲ್ಲಿ ಏನೋ ಭಾರ ಹೊತ್ತವಳು, ಯಾರಾದರೂ ಸರಿ, ಅದನ್ನು ಮುಟ್ಟಿ ಒಂದು ಆಸೆ ಹೇಳಿಕೊಳ್ಳಬಹುದು. ರಜೆಗೆಂದು ಊರಿಗೆ ಬಂದ ಜೇನ್ ಡ್ರೂ ಎಂಬ ಹುಡುಗಿಗೂ ಅವಕಾಶ ಸಿಗುತ್ತದೆ. ಅವಳು ತನಗಾಗಿ ಏನನ್ನೂ ಕೇಳುವುದಿಲ್ಲ. ಆ ಎಲೆಗಳ ಮುದ್ದೆಯಲ್ಲಿ ಅವಳಿಗೆ ಕಂಡದ್ದು ಅಳತೆಯಿಲ್ಲದ ಒಂಟಿತನ. ಗ್ರೀನ್‌ವಿಚ್ ಸುಖವಾಗಿರಲಿ ಎಂದು ಹಾರೈಸುತ್ತಾಳೆ.

1974ರಲ್ಲಿ ಬಂದ ‘ಗ್ರೀನ್‌ವಿಚ್’ ಕಾದಂಬರಿಯ ಈ ಹಾರೈಕೆ, ಅದು ಸೇರಿರುವ ಐದು ಪುಸ್ತಕಗಳ ಮಾಲೆಗೆ ಒಂದು ಧರ್ಮಪ್ರಶ್ನೆಯನ್ನು ಒಡ್ಡುತ್ತದೆ. ಮಾಲೆ ಕೊನೆಗೂ ಅದಕ್ಕೆ ಸರಿಯಾದ ಉತ್ತರ ಕೊಡಲಿಲ್ಲ ಎಂಬುದು ನನ್ನ ವಾದ. ಲೋಕವನ್ನು ಉಳಿಸುವ ಒಳಿತು, ಯಾರನ್ನು ಉಳಿಸುತ್ತದೋ ಅವರನ್ನು ಕೇಳಬೇಕೆ? ಅವರ ಪಾಲಿನ ಅರಿವನ್ನು ಅವರಿಂದಲೇ ಕಿತ್ತುಕೊಳ್ಳುವ ಹಕ್ಕು ಅದಕ್ಕಿದೆಯೆ?

ಮಾಲೆಯ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. ಕೂಪರ್ ಹುಟ್ಟಿದ್ದು 1935ರಲ್ಲಿ, ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ. ಬಾಲ್ಯ ಕಳೆದದ್ದು ಎರಡನೆಯ ಮಹಾಯುದ್ಧದ ಬಾಂಬುಗಳ ಸದ್ದಿನಲ್ಲಿ. ಮೊದಲ ಪುಸ್ತಕ ‘ಓವರ್ ಸೀ, ಅಂಡರ್ ಸ್ಟೋನ್’ 1965ರಲ್ಲಿ ಬಂತು. ಅಷ್ಟರಲ್ಲಿ ಆಕೆ ಮದುವೆಯಾಗಿ ಅಮೆರಿಕ ಸೇರಿಯಾಗಿತ್ತು. ಉಳಿದ ನಾಲ್ಕು, ‘ದಿ ಡಾರ್ಕ್ ಈಸ್ ರೈಸಿಂಗ್’, ‘ಗ್ರೀನ್‌ವಿಚ್’, ‘ದಿ ಗ್ರೇ ಕಿಂಗ್’, ‘ಸಿಲ್ವರ್ ಆನ್ ದಿ ಟ್ರೀ’, 1973ರಿಂದ 1977ರೊಳಗೆ ಬಂದವು. ಬಿಟ್ಟುಬಂದ ಕಡಲೂರುಗಳನ್ನು ಸಾಗರದ ಆಚೆ ಕೂತು ನೆನೆದು ಬರೆದ ಪುಸ್ತಕಗಳಿವು. ರೈಲು, ಕಾರು, ರಜೆಗೆ ಬಾಡಿಗೆ ಮನೆ ಹಿಡಿಯುವ ಸಂಸಾರ ಇರುವ ಇಂದಿನ ಬ್ರಿಟನ್ನಿನ ಕೆಳಗೇ ಬೆಳಕು ಮತ್ತು ಕತ್ತಲು ಎಂಬ ಎರಡು ಶಕ್ತಿಗಳ ಕಾಳಗ ಯುಗಗಳಿಂದ ನಡೆದಿದೆ. ಬೆಳಕಿನ ಕಡೆಯವರು ‘ಹಳಬರು’ ಎಂಬ ಸಾವಿಲ್ಲದ ಜನ. ಅವರ ಹಿರಿಯ ಮೆರಿಮನ್, ಅಂದರೆ ಹಳೆಯ ಆರ್ಥರ್ ಕಥೆಗಳ ಮರ್ಲಿನ್. ಡ್ರೂ ಮಕ್ಕಳ ಬಾಯಲ್ಲಿ ಮೆರಿ ತಾತ. ಅವರಲ್ಲಿ ಕಿರಿಯವನು ವಿಲ್ ಸ್ಟ್ಯಾಂಟನ್ ಎಂಬ ಹುಡುಗ. ಇಷ್ಟೇ ಆಗಿದ್ದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಕುಸ್ತಿ ಕಟ್ಟಿದ ಇನ್ನೊಂದು ಕಥೆಯಾಗುತ್ತಿತ್ತು. ಕೂಪರ್ ಇದರ ಪಕ್ಕದಲ್ಲಿ ಮೂರನೆಯದೊಂದನ್ನು ಇಟ್ಟರು. ಕಡಲು, ಗಾಳಿ, ನೆಲದ ಒಡಲಲ್ಲಿರುವ ಕಾಡುಮಾಯೆ. ಅದಕ್ಕೆ ಪಕ್ಷವಿಲ್ಲ. ಬೆಳಕಿನ ಅಪ್ಪಣೆಯೂ ಕತ್ತಲಿನ ಬೆದರಿಕೆಯೂ ಅದರ ಮೇಲೆ ನಡೆಯುವುದಿಲ್ಲ. ಗ್ರೀನ್‌ವಿಚ್ ಆ ಮಾಯೆಯ ಕೂಸು.

ಜೇನ್‌ಳ ಹಾರೈಕೆ ಕಥೆಯಲ್ಲಿ ಮಾಡುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಬೆಳಕಿಗೆ ಅತ್ಯಗತ್ಯವಾದ ಒಂದು ಹಳೆಯ ಹಸ್ತಪ್ರತಿ ಸೀಸದ ಕೊಳವೆಯೊಳಗೆ ಸಮುದ್ರದ ತಳದಲ್ಲಿದೆ. ಗ್ರೀನ್‌ವಿಚ್ ಅದನ್ನು ಕಂಡು ತನ್ನ ಗುಟ್ಟೆಂದು ಅಪ್ಪಿ ಹಿಡಿದಿದೆ. ಮೆರಿಮನ್ ಮತ್ತು ವಿಲ್ ಕಡಲಾಳಕ್ಕೆ ಇಳಿದು ನೀರಿನ ಒಡತಿ ಟೆಥಿಸ್‌ಳನ್ನು ಕೇಳುತ್ತಾರೆ. ಆಕೆ ಯಾರ ಪರವಾಗಿಯೂ ಕೈ ಎತ್ತುವುದಿಲ್ಲ. ಚಿತ್ರಕಾರನ ವೇಷದಲ್ಲಿರುವ ಕತ್ತಲಿನವನು ಗ್ರೀನ್‌ವಿಚ್‌ ಅನ್ನು ಮಂತ್ರದಿಂದ ಕರೆದು ಹೆದರಿಸುತ್ತಾನೆ. ಅದು ಕೆರಳುತ್ತದೆ. ಒಂದು ರಾತ್ರಿಯಿಡೀ ಊರಿನ ಹಳೆಯ ಭಯಗಳು, ಸತ್ತವರು, ದಾಳಿಗಳು, ಕಳ್ಳಸಾಗಣೆಯ ಹಡಗುಗಳು ಬೀದಿಗೆ ಬಂದು ಬಡಿದಾಡುತ್ತವೆ. ಕೊನೆಗೆ ಹಸ್ತಪ್ರತಿ ಸಿಕ್ಕುವುದು ಜೇನ್‌ಗೆ. ಮಿಕ್ಕವರೆಲ್ಲ ತನ್ನಿಂದ ಏನೋ ಬೇಕೆಂದು ಬಂದರು, ತನಗಾಗಿ ಏನನ್ನಾದರೂ ಬಯಸಿದವಳು ಇವಳೊಬ್ಬಳೇ ಎಂಬ ಒಂದೇ ಕಾರಣಕ್ಕೆ ಗ್ರೀನ್‌ವಿಚ್ ಅದನ್ನು ಬಿಟ್ಟುಕೊಡುತ್ತದೆ. ಇಲ್ಲಿ ಬೆಳಕು ಗೆದ್ದಿತು ಎನ್ನುವುದು ಅರೆಸತ್ಯ. ಬೆಳಕಿನ ಬಳಿ ಇಲ್ಲದ ಒಂದು ಗುಣ ಗೆದ್ದಿತು, ಲಾಭ ಬೆಳಕಿಗೆ ಸಂದಿತು.

ಆ ಗುಣ ಯಾವುದು? ದಯೆ ಎಂದುಬಿಟ್ಟರೆ ಸುಲಭ. ಆದರೆ ಊರಿನ ಹೆಂಗಸರಿಗೆ ದಯೆ ಇಲ್ಲವೆಂದೇನೂ ಅಲ್ಲ. ಗಣೇಶ ಚೌತಿ ಆಚರಿಸುವ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು. ಮಣ್ಣಿನ ಮೂರ್ತಿಗೆ ಪ್ರಾಣ ಆವಾಹಿಸುತ್ತೇವೆ, ಕಡುಬು ಮೋದಕ ಬಡಿಸುತ್ತೇವೆ, ಆಮೇಲೆ ಉದ್ವಾಸನೆಯ ಮಂತ್ರ ಹೇಳಿ ಬಂದಲ್ಲಿಗೆ ಕಳಿಸಿಕೊಟ್ಟ ಮೇಲಷ್ಟೇ ನೀರಿಗೆ ಬಿಡುತ್ತೇವೆ. ನಮ್ಮ ಲೆಕ್ಕದಲ್ಲಿ ಕೆರೆಯ ಪಾಲಾಗುವುದು ಬರಿಯ ಮಣ್ಣು. ಅದಕ್ಕೇ ಯಾರಿಗೂ ಅಳುಕಿಲ್ಲ, ಮುಂದಿನ ವರ್ಷ ಬಾ ಎನ್ನುವುದರಲ್ಲಿ ಸಂಭ್ರಮವೇ ಇದೆ. ಟ್ರೆವಿಸಿಕ್‌ನ ಆಚರಣೆಯಲ್ಲಿ ಆ ಕಳಿಸಿಕೊಡುವ ಹೆಜ್ಜೆ ಇಲ್ಲ. ರಾತ್ರಿಯಿಡೀ ಕಟ್ಟಿದ್ದಕ್ಕೆ ಜೀವ ಬಂದಿದೆಯೋ ಎಂದು ಯಾರೂ ಕೇಳಿಕೊಂಡಿಲ್ಲ. ಬಂದಿದ್ದರೆ ಜೀವಂತವಾಗಿಯೇ ನೂಕುತ್ತಿದ್ದಾರೆ. ಜೇನ್ ಮಾತ್ರ ಅದಕ್ಕೂ ಒಂದು ಒಳಗಿದೆ, ಒಂದು ಬೇಕು ಬೇಡ ಇದೆ ಎಂದು ಕಂಡುಕೊಂಡಳು. ಎದುರಿನದನ್ನು ಉಪಕರಣವಾಗಿ ಕಾಣದೆ, ತನ್ನದೇ ಬದುಕುಳ್ಳದ್ದಾಗಿ ಕಾಣುವುದು ಕರುಣೆಗೂ ಮೊದಲಿನ ಮೆಟ್ಟಿಲು. ನಾನು ಒಳಿತಿನ ಅಳತೆಗೋಲಾಗಿ ಹಿಡಿಯುವುದು ಇದನ್ನೇ.

ಈ ಅಳತೆಗೆ ಬೆಳಕು ನಿಲ್ಲುವುದಿಲ್ಲ. ಇದು ನಾನು ಹೊರಗಿನಿಂದ ಹೊರಿಸುವ ಆರೋಪವಲ್ಲ, ಕೂಪರ್ ತಾವೇ ಸಾಕ್ಷ್ಯ ಒದಗಿಸಿದ್ದಾರೆ. ಎರಡನೆಯ ಪುಸ್ತಕದ ಹಾಕಿನ್‌ನನ್ನು ನೋಡಿ. ಹದಿಮೂರನೆಯ ಶತಮಾನದ ಅನಾಥ ಹುಡುಗ, ಮೆರಿಮನ್ ಅವನನ್ನು ಮಗನಂತೆ ಸಾಕಿದ್ದಾನೆ. ಬೆಳಕಿನ ಒಂದು ಮಂತ್ರಗ್ರಂಥವನ್ನು ಕಾಯುವುದಕ್ಕೆ ಹಾಕಿದ ಕಟ್ಟಿಗೆ ಮೆರಿಮನ್ ಆ ಹುಡುಗನ ಜೀವವನ್ನೇ ಬೀಗದ ಕೈಯಾಗಿ ಮಾಡಿದ್ದಾನೆ. ಗ್ರಂಥವನ್ನು ಹೊರತೆಗೆಯುವ ಹೊತ್ತಿನಲ್ಲಿ ಹಾಕಿನ್‌ಗೆ ಇದರ ಪೂರ್ಣ ಅರ್ಥ ಹೊಳೆಯುತ್ತದೆ: ಈ ಒಡೆಯ ನನ್ನನ್ನು ಪ್ರೀತಿಸುತ್ತಾನೆ ನಿಜ, ಆದರೆ ಒಂದು ಪುಸ್ತಕಕ್ಕಾಗಿ ನನ್ನನ್ನು ಕಳೆದುಕೊಳ್ಳಲು ಸಿದ್ಧನಿದ್ದಾನೆ. ಅಲ್ಲಿಂದ ಅವನು ಕತ್ತಲಿನ ಕಡೆ ವಾಲುತ್ತಾನೆ. ಅದಕ್ಕೆ ಬಿದ್ದ ಶಿಕ್ಷೆ ಶತಮಾನಗಟ್ಟಲೆ ಸಾವಿಲ್ಲದೆ, ನೆಲೆಯಿಲ್ಲದೆ, ಬೆಳಕಿನ ಒಂದು ಲಾಂಛನವನ್ನು ಹೊತ್ತು ಅಲೆಯುವುದು. ಹರಕು ಬಟ್ಟೆಯ, ಹೆದರಿ ಹೆದರಿ ನೋಡುವ ಆ ಮುದಿ ಅಲೆಮಾರಿ ಹಿಮ ಬಿದ್ದ ಹಳ್ಳಿದಾರಿಯಲ್ಲಿ ವಿಲ್‌ಗೆ ಎದುರಾಗುವ ದೃಶ್ಯ ಇಡೀ ಮಾಲೆಯಲ್ಲಿ ನನಗೆ ಅತ್ಯಂತ ನಿಜವಾಗಿ ಕಾಣುವ ಪುಟಗಳಲ್ಲಿ ಒಂದು. ತಾನು ಮಾಡಿದ ತಪ್ಪು ಒಬ್ಬ ಮನುಷ್ಯನನ್ನು ಅತಿಯಾಗಿ ನಂಬಿದ್ದು ಎಂದು ಮೆರಿಮನ್ ನಂತರ ಒಪ್ಪುತ್ತಾನೆ. ತಪ್ಪು ನಂಬಿಕೆಯಲ್ಲಿತ್ತಂತೆ, ಒತ್ತೆ ಇಟ್ಟದ್ದರಲ್ಲಿ ಅಲ್ಲವಂತೆ! ‘ದಿ ಗ್ರೇ ಕಿಂಗ್’ನಲ್ಲಿ ಇದಕ್ಕೆ ಉತ್ತರ ಕೊಡುವವನು ಜಾನ್ ರೋಲಂಡ್ಸ್ ಎಂಬ ವೇಲ್ಸ್‌ನ ಕುರಿಗಾಹಿ. ಬೆಳಕಿನ ನಟ್ಟನಡುವೆ ಒಂದು ತಣ್ಣನೆಯ ಕ್ರೌರ್ಯವಿದೆ, ಪರಮ ಒಳಿತಿನ ಎದುರು ಒಬ್ಬ ಮನುಷ್ಯನ ನೋವು ಅದಕ್ಕೆ ಗಣನೆಗೆ ಬರುವುದಿಲ್ಲ ಎಂದು ಅವನು ವಿಲ್‌ನ ಮುಖಕ್ಕೇ ಹೇಳುತ್ತಾನೆ. ತತ್ತ್ವ ಒಂದು ಕಡೆ, ಮನುಷ್ಯ ಒಂದು ಕಡೆ ನಿಂತರೆ ತಾನು ಮನುಷ್ಯನನ್ನೇ ಆರಿಸುವವನು ಎನ್ನುತ್ತಾನೆ. ವಿಲ್ ಅಲ್ಲಗಳೆಯುವುದಿಲ್ಲ. ಯುದ್ಧದಲ್ಲಿ ಬೇರೆ ದಾರಿಯಿಲ್ಲ ಎಂಬ ಧಾಟಿಯಲ್ಲಿ ಮಾತು ಮುಗಿಯುತ್ತದೆ.

ಈಗ ಕೊನೆಯ ಪುಸ್ತಕಕ್ಕೆ ಬರೋಣ. ‘ಸಿಲ್ವರ್ ಆನ್ ದಿ ಟ್ರೀ’ ಬಹುಪಾಲು ನಡೆಯುವುದು ವೇಲ್ಸ್‌ನ ಅಬರ್‌ಡವಿ ಎಂಬ ಇನ್ನೊಂದು ಕಡಲೂರಿನ ಆಸುಪಾಸಿನಲ್ಲಿ. ಕತ್ತಲು ಸೋಲುತ್ತದೆ. ಮೆರಿಮನ್ ಬೀಳ್ಕೊಡುವಾಗ ಒಂದು ದೊಡ್ಡ ಮಾತು ಹೇಳುತ್ತಾನೆ: ಇನ್ನು ಈ ಲೋಕ ನಿಮ್ಮದು, ಹಳೆಯ ವೀರನೊಬ್ಬ ಎದ್ದು ಬಂದು ಕಾಪಾಡಿಯಾನು ಎಂದು ಕಾಯುತ್ತ ಕೂರಬೇಡಿ, ಕಾಪಾಡಬೇಕಾದವರೂ ಹಾಳುಮಾಡಬಲ್ಲವರೂ ನೀವೇ. ಮನುಷ್ಯರನ್ನು ವಯಸ್ಕರೆಂದು ಒಪ್ಪುವ ಮಾತು ಇದು. ಇಂಥ ಮಾತನ್ನು ದೇವರುಗಳ ಬಾಯಲ್ಲಿ ಕೇಳುವುದು ಅಪರೂಪ. ಅದರ ಬೆನ್ನಿಗೇ ಅವನು ತಿಳಿಸುವುದೆಂದರೆ, ನಡೆದದ್ದೆಲ್ಲ ಅವರ ಮನಸ್ಸಿನ ಆಳಕ್ಕೆ ಜಾರಿಹೋಗುತ್ತದೆ, ಎಂದಾದರೂ ಕನಸಿನಲ್ಲಿ ಸುಳಿದರೆ ಸುಳಿದೀತು. ಡ್ರೂ ಮಕ್ಕಳು ಮೂವರು, ರಾಜ ಆರ್ಥರನ ಮಗನಾಗಿಯೂ ಸಾಕುತಂದೆಯ ಜೊತೆ ಸಾಮಾನ್ಯನಾಗಿ ಉಳಿಯಲು ತೀರ್ಮಾನಿಸಿದ ಬ್ರಾನ್, ಎಲ್ಲರೂ ಮರೆಯುತ್ತಾರೆ. ಮಕ್ಕಳನ್ನು ಯಾರೂ ಕೇಳುವುದಿಲ್ಲ. ಇದೇ ಪುಸ್ತಕದ ಆರಂಭದಲ್ಲಿ ವಿಲ್ ತನ್ನ ಅಣ್ಣ ಸ್ಟೀಫನ್‌ಗೆ ನಿಜ ಹೇಳಿ, ಅಣ್ಣ ಅದನ್ನು ತಾಳಲಾರ ಎಂದು ಕಂಡೊಡನೆ ಆ ಮಾತನ್ನು ಅವನ ತಲೆಯಿಂದ ಒರೆಸಿಹಾಕಿದ್ದ. ಅಂದರೆ ಇದು ಒಂದು ಸಲದ ವಿಶೇಷ ಕ್ರಮವಲ್ಲ, ಬೆಳಕಿನ ರೂಢಿ.

ಮಕ್ಕಳ ಪುಸ್ತಕಕ್ಕೆ ಇಷ್ಟೆಲ್ಲ ತರ್ಕ ಏಕೆ, ಮರೆವು ಈ ಪ್ರಕಾರದ ಹಳೆಯ ಕಟ್ಟುಪಾಡಲ್ಲವೆ ಎಂದು ಕೇಳಬಹುದು. ಹೌದು, 1906ರಷ್ಟು ಹಿಂದೆಯೇ ಕಿಪ್ಲಿಂಗ್ ತನ್ನ ‘ಪಕ್ ಆಫ್ ಪೂಕ್ಸ್ ಹಿಲ್’ನಲ್ಲಿ ಮಕ್ಕಳ ಕೈಗೆ ಮೂರು ಬಗೆಯ ಮರದೆಲೆ ಕೊಡಿಸಿ ಕಂಡದ್ದನ್ನೆಲ್ಲ ಮರೆಸಿದ. ಆದರೆ ಕೂಪರ್ ಈ ಕಟ್ಟುಪಾಡನ್ನು ಕಣ್ಣುಮುಚ್ಚಿ ಪಾಲಿಸಲಿಲ್ಲ ಎನ್ನುವುದಕ್ಕೆ ಜಾನ್ ರೋಲಂಡ್ಸನೇ ಆಧಾರ. ಅವನ ಹೆಂಡತಿ ಬ್ಲಾಡ್ವೆನ್ ಕತ್ತಲಿನ ಸವಾರರಲ್ಲಿ ಒಬ್ಬಳೆಂದು ಕೊನೆಯಲ್ಲಿ ಬಯಲಾಗುತ್ತದೆ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಚಹಾ ಕುಡಿದವಳು. ಇದನ್ನು ನೆನಪಿಟ್ಟುಕೊಂಡು ಬದುಕುತ್ತೀಯೋ, ಮರೆತು ಅವಳು ಸಹಜವಾಗಿ ತೀರಿಹೋದಳೆಂದು ನಂಬಿ ಬದುಕುತ್ತೀಯೋ ಎಂದು ಅವನನ್ನು ಕೇಳಲಾಗುತ್ತದೆ. ಆರಿಸುವ ಶಕ್ತಿ ತನಗಿಲ್ಲ, ನೀವೇ ಆರಿಸಿ ಎಂದು ಆತ ಕೇಳಿದವರಿಗೇ ಬಿಡುತ್ತಾನೆ. ಕೇಳುವುದು ಸಾಧ್ಯವಿತ್ತು ಎಂಬುದು ಇದರಿಂದ ಖಚಿತವಾಯಿತಲ್ಲ. ಒಬ್ಬನನ್ನು ಕೇಳುವುದು ಸರಿಯಾದರೆ ಉಳಿದ ನಾಲ್ವರನ್ನು ಕೇಳದಿರುವುದು ಹೇಗೆ ಸರಿ? ಚಿಕ್ಕವರು ಎಂದೆ? ಅದೇ ಚಿಕ್ಕವರನ್ನು ಸಾವಿನ ದವಡೆಗೆ ಕಳಿಸುವಾಗ ವಯಸ್ಸಿನ ಮಾತು ಬಂದಿರಲಿಲ್ಲ.

ಎರಡನೆಯ ಆಕ್ಷೇಪ ಯುದ್ಧದ ತಲೆಮಾರಿನದು, ಹಾಗಾಗಿ ಲೇಖಕಿಯ ಮನಸ್ಸಿಗೆ ಹತ್ತಿರದ್ದು. ಯುದ್ಧ ಗೆದ್ದವರೆಲ್ಲ ತಾವು ಏನು ಮಾಡಿದೆವೆಂದು ಹೇಳಿಕೊಂಡು ತಿರುಗಲಿಲ್ಲ. ಜರ್ಮನ್ನರ ಗುಪ್ತಲಿಪಿ ಒಡೆದ ಬ್ಲೆಚ್ಲಿ ಪಾರ್ಕ್‌ನಲ್ಲಿ ಸಾವಿರಾರು ಜನ ದುಡಿದರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಗಂಡ, ಮಕ್ಕಳು, ಹೆತ್ತವರು, ಯಾರಿಗೂ ಅವರು ಬಾಯಿ ಬಿಡಲಿಲ್ಲ. ವಿಂಟರ್‌ಬಾಥಮ್ ಎಂಬ ಅಧಿಕಾರಿಯ ಪುಸ್ತಕ ಆ ಗುಟ್ಟನ್ನು ಎಲ್ಲರ ಮುಂದೆ ತೆರೆದದ್ದು 1974ರಲ್ಲಿ, ‘ಗ್ರೀನ್‌ವಿಚ್’ ಬಂದ ಅದೇ ವರ್ಷ. ಅಗತ್ಯ ಬಿದ್ದಾಗ ಒಳಿತು ಮೌನವನ್ನು ಬೇಡುತ್ತದೆ ಎನ್ನುವುದನ್ನು ಒಪ್ಪೋಣ. ಆದರೆ ಈ ಹೋಲಿಕೆ ಬೆಳಕಿನ ಪರವಾಗಿ ನಿಲ್ಲುವುದಿಲ್ಲ, ತಿರುಗಿ ಬೀಳುತ್ತದೆ. ಆ ಹೆಂಗಸರು ಹೇಳಲಿಲ್ಲ ಅಷ್ಟೆ, ಅವರಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ, ಪಕ್ಕದ ಮನೆಯವನ ಯುದ್ಧದ ಪೌರುಷ ಕೇಳುತ್ತ, ಒಳಗೊಳಗೇ ನಕ್ಕಿದ್ದರೂ ನಕ್ಕಿರಬಹುದು. ಮೌನವೆಂಬುದು ಒಬ್ಬರು ಮೂವತ್ತು ವರ್ಷ ಪ್ರತಿದಿನ ಮಾಡುವ ಕೆಲಸ. ಅದರಲ್ಲಿ ಅವರ ನಿಷ್ಠೆಗೆ ಜಾಗವಿದೆ. ಅಳಿಸಿದ ನೆನಪಿನಲ್ಲಿ ನಿಷ್ಠೆಗೂ ಜಾಗವಿಲ್ಲ. ಮೆರಿಮನ್ ಆ ಮಕ್ಕಳಿಂದ ಮೌನದ ಪ್ರಮಾಣ ತೆಗೆದುಕೊಂಡಿದ್ದರೆ ಅವರನ್ನು ನಂಬಿದಂತಾಗುತ್ತಿತ್ತು. ನಂಬಿ ಒಮ್ಮೆ ಹಾಕಿನ್‌ನನ್ನು ಕಳೆದುಕೊಂಡವನು ಮತ್ತೆ ನಂಬಲಿಲ್ಲ ಎಂದೇ ನಾನು ಓದುತ್ತೇನೆ.

ಇವೆರಡಕ್ಕಿಂತ ಗಟ್ಟಿಯಾದ ಆಕ್ಷೇಪ ತತ್ತ್ವಶಾಸ್ತ್ರದ ಕಡೆಯಿಂದ ಬರುತ್ತದೆ. 1788ರಲ್ಲಿ ಪ್ರಕಟವಾದ ತನ್ನ ಎರಡನೆಯ ವಿಮರ್ಶಾಗ್ರಂಥದಲ್ಲಿ ಇಮ್ಮಾನ್ಯುಯೆಲ್ ಕಾಂಟ್ ಒಂದು ವಿಚಿತ್ರ ಊಹೆ ಮಾಡುತ್ತಾನೆ. ದೇವರೂ ಪರಲೋಕವೂ ಸದಾ ಕಣ್ಣಮುಂದೆ ನಿಚ್ಚಳವಾಗಿ ನಿಂತಿದ್ದರೆ ನಾವು ತಪ್ಪು ಮಾಡುತ್ತಲೇ ಇರಲಿಲ್ಲ. ಆದರೆ ಮಾಡುವ ಸರಿಯೆಲ್ಲ ಭಯದಿಂದಲೋ ಆಸೆಯಿಂದಲೋ ಆಗಿರುತ್ತಿತ್ತು, ಸೂತ್ರದ ಗೊಂಬೆಗಳಂತೆ ಹಾವಭಾವವೆಲ್ಲ ಚೆನ್ನ, ಜೀವ ಮಾತ್ರ ಇಲ್ಲ. ಆದ್ದರಿಂದ ಪರಮ ಸತ್ಯ ನಮಗೆ ಮಬ್ಬಾಗಿ ಇರುವುದೇ ಒಳ್ಳೆಯದು ಎನ್ನುವುದು ಅವನ ತೀರ್ಮಾನ. ಮೆರಿಮನ್‌ನ ಪರ ವಾದಿಸಬೇಕೆಂದರೆ ನಾನು ಹಿಡಿಯುವ ಕೋಲು ಇದೇ. ಬೆಳಕು ಇದೆಯೆಂದು, ಕತ್ತಲು ಸೋತಿದೆಯೆಂದು ಖಚಿತವಾಗಿ ಬಲ್ಲ ಮಕ್ಕಳು ಮುಂದೆ ಮಾಡುವ ಯಾವ ಆಯ್ಕೆ ತಾನೇ ಅವರದಾದೀತು? ಮರೆಸಿದ್ದರಿಂದಲೇ ಅವರು ಸ್ವತಂತ್ರರಾದರು ಎನ್ನಬಹುದು.

ಇದಕ್ಕೆ ಉತ್ತರ ಆ ಬಂಡೆಯಂಚಿನಲ್ಲೇ ಇದೆ. ಜೇನ್ ಹಾರೈಸಿದಾಗ ಅವಳಿಗೆ ಬೆಳಕಿನ ಬಗ್ಗೆಯೂ ಕತ್ತಲಿನ ಬಗ್ಗೆಯೂ ಸಾಕಷ್ಟು ಗೊತ್ತಿತ್ತು. ಮೊದಲ ಪುಸ್ತಕದ ಬೇಸಗೆಯಲ್ಲಿ ಎರಡೂ ಪಾಳೆಯದವರ ನಡುವೆ ಓಡಾಡಿದವಳು, ಮೆರಿ ತಾತ ಸಾಮಾನ್ಯ ಮುದುಕನಲ್ಲವೆಂದು ಬಲ್ಲವಳು. ಅಷ್ಟು ಗೊತ್ತಿದ್ದೂ ಆ ಗಳಿಗೆಯಲ್ಲಿ ಅವಳು ಬೆಳಕಿನ ಗೆಲುವನ್ನು ಬಯಸಲಿಲ್ಲ, ಬೆಳಕಿಗೆ ಬೇಕಾಗಿದ್ದ, ಕಳುವಾದ ಬಟ್ಟಲೊಂದು ಸಿಗಲಿ ಎನ್ನಲೂ ಇಲ್ಲ. ದೊಡ್ಡ ಶಕ್ತಿಗಳ ಅರಿವು ಅವಳನ್ನು ಗೊಂಬೆ ಮಾಡಿರಲಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಕಾಂಟ್ ಮಾತಾಡುತ್ತಿರುವುದು ಎಂದೂ ತೆರೆಯದ ಪರದೆಯ ಬಗ್ಗೆ. ಪರದೆ ತೆರೆದು, ಒಳಗೆ ಕರೆದು, ಕೆಲಸ ಮಾಡಿಸಿಕೊಂಡು, ಮುಗಿದ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ ಹೊರಗೆ ಬಿಡುವುದು ಬೇರೆಯೇ ವ್ಯವಹಾರ. ಮನುಷ್ಯರನ್ನು ಬರಿಯ ಸಾಧನವಾಗಿ ಬಳಸಬೇಡ ಎಂದವನೂ ಅದೇ ಕಾಂಟ್.

ನಮ್ಮ ಓದುಗರಲ್ಲಿ ಅನೇಕರಿಗೆ ಈ ಹೊತ್ತಿಗೆ ಯಶೋದೆ ನೆನಪಾಗಿರಬೇಕು. ಮಣ್ಣು ತಿಂದೆಯಾ ಬಾಯಿ ತೆರೆ ಎಂದವಳಿಗೆ ಮಗನ ಬಾಯೊಳಗೆ ಬ್ರಹ್ಮಾಂಡವೇ ಕಂಡಿತು. ಭಾಗವತದ ದಶಮಸ್ಕಂಧ ಮುಂದಿನದನ್ನು ಬಹಳ ಸಹಜವಾಗಿ ಹೇಳುತ್ತದೆ: ಮಾಯೆ ಕವಿಯಿತು, ಕಂಡದ್ದು ಮರೆಯಿತು, ಅವಳು ಮಗುವನ್ನು ತೊಡೆಗೆ ಎಳೆದುಕೊಂಡಳು. ಅವಳನ್ನೂ ಯಾರೂ ಕೇಳಲಿಲ್ಲ. ಆದರೂ ನಮ್ಮ ಸಂಪ್ರದಾಯ ಇದನ್ನು ಅನ್ಯಾಯವೆಂದು ಓದಿಲ್ಲ, ಅನುಗ್ರಹವೆಂದು ಓದಿದೆ. ಪುರಂದರದಾಸರಂಥವರು ಆ ಮರೆವಿನ ತಾಯಿಯನ್ನೇ ಹಾಡಿ ಹೊಗಳಿದರು. ಹಾಗಾದರೆ ಮೆರಿಮನ್ ಮಾಡಿದ್ದರಲ್ಲಿ ತಪ್ಪೇನು? ವ್ಯತ್ಯಾಸ ಇರುವುದು ಯಾವುದನ್ನು ತೆಗೆದು ಯಾವುದನ್ನು ಉಳಿಸಿದರು ಎಂಬಲ್ಲಿ. ಯಶೋದೆ ಕಳೆದುಕೊಂಡದ್ದು ಪ್ರೀತಿಗೆ ಅಡ್ಡ ಬರುವ ಬೆರಗನ್ನು. ಬ್ರಹ್ಮಾಂಡನಾಯಕನಿಗೆ ಮೂಗು ಒರೆಸಲು ಯಾರ ಕೈಗೆ ತಾನೇ ಧೈರ್ಯ ಬಂದೀತು? ಮರೆತದ್ದರಿಂದ ಅವಳಿಗೆ ಮಗ ಮರಳಿ ಸಿಕ್ಕಿದ. ಮರೆಸಿದವನೂ ತೊಡೆಯ ಮೇಲೆ ಕೂತವನೂ ಒಬ್ಬನೇ. ಜೇನ್ ಕಳೆದುಕೊಂಡದ್ದು ಬೆರಗನ್ನಷ್ಟೇ ಅಲ್ಲ, ಪ್ರೀತಿಯ ಕೆಲಸವನ್ನೇ: ಒಂಟಿಯಾದ ಒಂದು ಜೀವಕ್ಕೆ ತಾನು ಒಳ್ಳೆಯದು ಬಯಸಿದ್ದು, ಅದು ತನ್ನನ್ನು ಗುರುತಿಸಿ ಓಗೊಟ್ಟದ್ದು. ಮರೆಸಿದವನು ಅವಳ ತೊಡೆಯ ಮೇಲೆ ಕೂರಲಿಲ್ಲ, ಲೋಕವನ್ನೇ ಬಿಟ್ಟು ಹೊರಟ. ಇನ್ನು ಮಹಾಭಾರತದ ಅಶ್ವಮೇಧಿಕ ಪರ್ವದಲ್ಲಿ ಅರ್ಜುನನೂ ಮರೆತಿದ್ದಾನೆ. ಯುದ್ಧರಂಗದಲ್ಲಿ ಹೇಳಿದ್ದೆಲ್ಲ ಮರೆತುಹೋಯಿತು, ಇನ್ನೊಮ್ಮೆ ಹೇಳು ಎನ್ನುತ್ತಾನೆ. ಕೃಷ್ಣನಿಗೆ ಬೇಸರವಾಗುತ್ತದೆ, ಅದನ್ನು ಹಾಗೆಯೇ ಮತ್ತೆ ಹೇಳಲಾರೆ ಎಂದು ಗದರಿ ಬೇರೊಂದು ಹಳೆಯ ಕಥೆಯಿಂದ ಶುರುಮಾಡುತ್ತಾನೆ. ಅನುಗೀತೆ ಹುಟ್ಟಿದ್ದು ಹಾಗೆ. ಇಲ್ಲಿ ಮರೆವು ಮನುಷ್ಯಸಹಜ, ಮರೆತವನಿಗೆ ತಾನು ಮರೆತದ್ದು ಗೊತ್ತು; ಆದ್ದರಿಂದ ಕೇಳಲು ಅವನಿಗೆ ದಾರಿಯಿದೆ, ಬೈಸಿಕೊಳ್ಳಲೂ ದಾರಿಯಿದೆ. ಡ್ರೂ ಮಕ್ಕಳಿಗೆ ತಾವು ಮರೆತಿದ್ದೇವೆ ಎಂಬುದೇ ಗೊತ್ತಿಲ್ಲ.

ಇಷ್ಟರ ಮೇಲೂ ನನ್ನನ್ನು ಕಾಡುವ ಒಂದು ಪ್ರತಿವಾದ ಉಳಿದಿದೆ. ಜೇನ್ ಹಾರೈಸಿದ್ದು ಯಾವುದೋ ನೆನಪಿನ ಬಲದಿಂದ ಅಲ್ಲ. ಗ್ರೀನ್‌ವಿಚ್ ಅವಳಿಗೆ ಪೂರ್ತಿ ಅಪರಿಚಿತ. ಸ್ವಭಾವ ಹಾಗಿತ್ತು, ಹಾರೈಸಿದಳು. ನೆನಪು ಹೋದರೂ ಸ್ವಭಾವ ಹೋಗಲಿಲ್ಲ. ನಾಳೆ ಇನ್ನಾವುದೋ ಒಂಟಿ ಜೀವ ಕಂಡರೆ ಅವಳು ಮತ್ತೆ ಹಾಗೆಯೇ ಮಾಡುತ್ತಾಳೆ. ಹಾಗಿದ್ದ ಮೇಲೆ ಒಳಿತಿಗೆ ಆದ ನಷ್ಟವೇನು? ಒಳ್ಳೆಯತನಕ್ಕೆ ನಷ್ಟವಿಲ್ಲ ಎಂದು ನಾನು ಒಪ್ಪುತ್ತೇನೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವವರು ಇದನ್ನು ಇನ್ನೂ ಮೇಲಿನ ಸ್ಥಿತಿ ಎಂದೂ ಹೇಳಿಯಾರು. ನಷ್ಟವಾದದ್ದು ಲೆಕ್ಕ ಕೇಳುವ ಶಕ್ತಿಗೆ. ಎಲ್ಲರೂ ಮರೆತ ಮೇಲೆ ನಡೆದದ್ದನ್ನು ಬಲ್ಲವನಾಗಿ ಭೂಮಿಯ ಮೇಲೆ ಉಳಿಯುವವನು ವಿಲ್ ಒಬ್ಬನೇ, ಅವನು ಬೆಳಕಿನ ಕಡೆಯವನು. ಗೆದ್ದವರ ಕೈಯಲ್ಲೇ ಇತಿಹಾಸದ ಏಕೈಕ ಪ್ರತಿ. ಹಾಕಿನ್ ಸತ್ತ. ಬೆಳಕಿನ ತಣ್ಣನೆಯ ಹೃದಯವನ್ನು ಬಾಯಿ ಬಿಟ್ಟು ಖಂಡಿಸಿದ ಏಕೈಕ ಮನುಷ್ಯ ಜಾನ್ ರೋಲಂಡ್ಸ್, ಈ ಕಾಳಗ ತನ್ನಿಂದ ಏನನ್ನು ಕಿತ್ತುಕೊಂಡಿತು ಎಂಬುದನ್ನೇ ಅರಿಯದೆ ಹೆಂಡತಿಯನ್ನು ಮಣ್ಣು ಮಾಡುತ್ತಾನೆ. ದೂರು ಕೊಟ್ಟವನ ಕಡತವೇ ಕಚೇರಿಯಿಂದ ಮಾಯವಾದಂತೆ. ಕೂಪರ್ ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರು ಎಂದು ನಾನು ಹೇಳಲಾರೆ. ಅವರ ಕಥೆ ಅವರಿಗಿಂತ ಹೆಚ್ಚು ಬಲ್ಲದು ಎನಿಸುತ್ತದೆ. ಲೋಕ ನಿಮ್ಮದು, ಹೊಣೆ ನಿಮ್ಮದು ಎಂದು ಯಾರಿಗೆ ಹೇಳಲಾಯಿತೋ ಅವರಿಗೆ ಆ ಹೊಣೆ ಯಾವ ಬೆಲೆಗೆ ತಮ್ಮ ಕೈಗೆ ಬಂತೆಂದು ಗೊತ್ತಿಲ್ಲದಿದ್ದರೆ, ಅದು ಹೊಣೆಯೋ ಬರಿಯ ಹೊರೆಯೋ?

ವಿಚಿತ್ರವೆಂದರೆ ಈ ಮರೆವು ಜಾರಿಗೆ ಬರುವ ಕರಾವಳಿ ಮರೆಯದಿರುವುದಕ್ಕೇ ಹೆಸರಾದದ್ದು. ಅಬರ್‌ಡವಿಯ ಎದುರಿನ ಕೊಲ್ಲಿಯಲ್ಲಿ ಕಾಂತ್ರೆರ್ ಗ್ವೈಲೋಡ್ ಎಂಬ ಸಮೃದ್ಧ ನಾಡೊಂದು ಮುಳುಗಿದೆ ಎನ್ನುವುದು ವೇಲ್ಸ್ ಜನರ ಹಳೆಯ ಐತಿಹ್ಯ. ತೂಬು ಕಾಯಬೇಕಾದ ಸೈತೆನಿನ್ ಕುಡಿದು ಮಲಗಿದ, ಕಡಲು ನುಗ್ಗಿತು, ಇಂದಿಗೂ ನೀರಡಿಯ ಗಂಟೆಗಳು ಕೇಳಿಸುತ್ತವೆ. ಕೂಪರ್ ತಮ್ಮ ಕೊನೆಯ ಪುಸ್ತಕದ ಹುಡುಗರನ್ನು ಕಳಿಸುವುದು ಈ ಕಳೆದುಹೋದ ನಾಡಿಗೇ. ಅಳಿವೆಯ ಆಚೆ ದಡದ ಬೋರ್ತ್‌ನಲ್ಲಿ ಇಳಿತದ ಹೊತ್ತು ನಿಂತರೆ ಮರಳಿನಿಂದ ಓಕ್, ಪೈನ್, ಬರ್ಚ್ ಮರಗಳ ಕಪ್ಪು ಬುಡಗಳು ತಲೆ ಎತ್ತಿರುತ್ತವೆ. ಸಾವಿರಾರು ವರ್ಷಗಳ ಹಿಂದೆ ಏರುತ್ತಿದ್ದ ಕಡಲು ನುಂಗಿದ ಕಾಡು ಅದು. 2014ರ ಚಳಿಗಾಲದ ಬಿರುಗಾಳಿಗಳು ಮರಳನ್ನು ಕೊಚ್ಚಿ ಇನ್ನಷ್ಟು ಬುಡಗಳನ್ನು ಹೊರಗೆ ಹಾಕಿದವು. ಕಾರಣ ತಪ್ಪಾಗಿರಬಹುದು, ಒಬ್ಬ ಕುಡುಕನ ತಲೆಗೆ ಇಡೀ ಕಡಲನ್ನು ಕಟ್ಟಿರಬಹುದು. ಆದರೆ ಇಲ್ಲಿ ನೆಲವಿತ್ತು, ಹೋಯಿತು ಎಂಬ ಸುದ್ದಿಯನ್ನು ಜನ ಕೈಬಿಡಲಿಲ್ಲ. 2011ರಲ್ಲಿ ಅಬರ್‌ಡವಿಯ ಕಟ್ಟೆಯ ಕೆಳಗೆ ಕಲಾವಿದ ಮಾರ್ಕಸ್ ವರ್ಜೆಟ್ ಮಾಡಿದ ಒಂದು ಗಂಟೆಯನ್ನು ತೂಗುಹಾಕಿದರು.

ಕೂಪರ್ ತಾವೇ ಹಾಕಿದ ಒಂದು ನಿಯಮವನ್ನು ಕೊನೆಯಲ್ಲಿ ಮರೆತರೋ ಅಥವಾ ಬೇಕೆಂದೇ ಬಾಗಿಲು ಸ್ವಲ್ಪ ತೆರೆದಿಟ್ಟರೋ ತಿಳಿಯದು. ಕಾಡುಮಾಯೆಯ ಮೇಲೆ ಬೆಳಕಿನ ಅಪ್ಪಣೆ ನಡೆಯದು ಎಂದು ಮೂರನೆಯ ಪುಸ್ತಕದಲ್ಲಿ ಮೆರಿಮನ್ ತಾನೇ ಒಪ್ಪಿದ್ದಾನೆ. ಅದಕ್ಕೇ ಅವನು ಟೆಥಿಸ್‌ಳ ಮುಂದೆ ಬೇಡುವವನಾಗಿ ನಿಂತದ್ದು. ಹಾಗಾದರೆ ಅವನ ಕೊನೆಯ ಮಾಯೆ ಅಳಿಸಬಲ್ಲದ್ದು ಮನುಷ್ಯರ ತಲೆಯಲ್ಲಿರುವುದನ್ನು ಮಾತ್ರ. ಟ್ರೆವಿಸಿಕ್‌ನ ಹೆಂಗಸರು ಮರುವರ್ಷ ಹೊಸ ಹೇಝಲ್ ಕೋಲು ಕಡಿದು, ಹೊಸ ಗ್ರೀನ್‌ವಿಚ್ ಕಟ್ಟಿ, ಕಲ್ಲು ತುಂಬಿ ನಿಲ್ಲಿಸುತ್ತಾರೆ. ಹಳೆಯದು ಅದಾಗಲೇ ಕೊಳೆತು ಟೆಥಿಸ್‌ಳ ಮಡಿಲು ಸೇರಿರುತ್ತದೆ, ಒಬ್ಬ ಹುಡುಗಿ ತನ್ನ ಸುಖ ಬಯಸಿದ್ದಳೆಂಬ ಸುದ್ದಿಯ ಸಮೇತ. ಜೇನ್ ಆ ದಡಕ್ಕೆ ಮತ್ತೆ ಬಂದು ನಿಂತರೆ ಅವಳಿಗೆ ನೀರಷ್ಟೇ ಕಂಡೀತು. ನೀರಿಗೆ ಅವಳ ಗುರುತು ಸಿಗುತ್ತದೆ.